ಕೆನಾಲ್ ಜೋನ್ ನಂಬರ್ ಪ್ಲೇಟ್: ದುಡ್ಡು ಕೊಡುವ ಮೊದಲು ಬೆನ್ನು ನೋಡಿ

ಪನಾಮ ಕಾಲುವೆಯ ಎರಡೂ ಮಗ್ಗುಲು ಸೇರಿ ಸುಮಾರು 10 ಮೈಲಿ ಅಗಲದ ಪಟ್ಟಿಯನ್ನು ಅಮೆರಿಕ ಕೆನಾಲ್ ಜೋನ್ ಎಂಬ ಹೆಸರಿನಲ್ಲಿ ತಾನೇ ಆಳುತ್ತಿತ್ತು. ಅಂಚೆ, ಪೊಲೀಸು, ವಾಹನ ನೋಂದಣಿ ಎಲ್ಲವೂ ಅಲ್ಲಿಯದೇ. 1977ರಲ್ಲಿ ಸಹಿಯಾದ ಒಪ್ಪಂದ 1979ರ ಅಕ್ಟೋಬರ್ 1ರಂದು ಜಾರಿಗೆ ಬಂದಾಗ ಆ ವಲಯವೇ ಇಲ್ಲವಾಯಿತು. ಅಲ್ಲಿಯ ಪ್ಲೇಟುಗಳಿಗೆ ಬೆಲೆ ಬಂದದ್ದು ಹೀಗೆ, ನಕಲಿಗಳು ಹುಟ್ಟಿಕೊಂಡದ್ದೂ ಹೀಗೇ.

ಮೊದಲು ಇಸವಿ ನೋಡಿ. ಮೇಲೆ ಕೆನಾಲ್ ಜೋನ್ ಎಂದೂ ಮೂಲೆಯಲ್ಲಿ 1981 ಎಂದೂ ಇದ್ದರೆ ಅಲ್ಲಿಗೇ ಬಿಟ್ಟುಬಿಡಿ. ಆಮೇಲೆ ಅಳತೆ. ಉತ್ತರ ಅಮೆರಿಕದಲ್ಲಿ 12×6 ಇಂಚಿನ ಅಳತೆಯೂ ತೂತುಗಳ ನಡುವೆ 7 ಇಂಚಿನ ಅಂತರವೂ ಎಲ್ಲೆಡೆ ನೆಲೆಗೊಂಡದ್ದು 1950ರ ದಶಕದ ನಡುಭಾಗದಲ್ಲಿ. 1930ರದ್ದೆಂದು ಮಾರುವ ಪ್ಲೇಟು ಈ ಅಳತೆಗೆ ಸರಿಯಾಗಿ ಕೂತರೆ ಅನುಮಾನಪಡಲೇಬೇಕು. ‘ಫನಲ್ ಫಾರ್ ವರ್ಲ್ಡ್ ಕಾಮರ್ಸ್’ ಎಂಬ ಸಾಲು ಕೊನೆಯ ದಶಕಗಳ ಪ್ಲೇಟುಗಳಲ್ಲಿ ಕಾಣುತ್ತದೆ. ಅದು ಇದ್ದ ಮಾತ್ರಕ್ಕೆ ಅಸಲಿ ಎನ್ನಬೇಡಿ, ನಕಲಿ ಮಾಡುವವರಿಗೂ ಆ ಸಾಲೇ ಇಷ್ಟ.

ನಿಜ ಹೇಳುವುದು ಹಿಂಬದಿ. ಮಾರುವವರಿಂದ ಮೂರು ಫೋಟೋ ಕೇಳಿ: ಎದುರಿನದು, ಬೆನ್ನಿನದು, ಟಾರ್ಚನ್ನು ಒಂದು ಪಕ್ಕದಿಂದ ಓರೆಯಾಗಿ ಹಿಡಿದು ತೆಗೆದದ್ದು. ಅಚ್ಚೊತ್ತಿದ ತಗಡಿನಲ್ಲಿ ಮುಂದೆ ಉಬ್ಬಿದ ಪ್ರತಿ ಅಂಕಿಯೂ ಹಿಂದೆ ತಗ್ಗಾಗಿ ಕಾಣಬೇಕು. ವರ್ಷಗಟ್ಟಲೆ ಬಂಪರಿಗೆ ಬಿಗಿದಿದ್ದರೆ ತೂತಿನ ಸುತ್ತ ಬೋಲ್ಟಿನ ತಲೆಯಷ್ಟಗಲ ಬಣ್ಣ ಸವೆದಿರುತ್ತದೆ, ತುಕ್ಕು ಅಲ್ಲಿಂದಲೇ ಹಬ್ಬಿರುತ್ತದೆ. ಇಡೀ ಮೈಗೆ ಒಂದೇ ಸಮ ತುಕ್ಕು ಹಿಡಿದು ತೂತಿನ ಅಂಚು ಮಾತ್ರ ಚೂಪಾಗಿದ್ದರೆ ಅದು ಆಸಿಡ್ ಹಾಕಿ ಹಳತು ಮಾಡಿದ್ದಿರಬಹುದು. ತೂಕವನ್ನೂ ಕೇಳಿ: 0.6 ಮಿ.ಮೀ. ದಪ್ಪದ 12×6 ಇಂಚಿನ ಉಕ್ಕಿನ ತಗಡು ಸುಮಾರು 220 ಗ್ರಾಂ ತೂಗುತ್ತದೆ, ಅಷ್ಟೇ ದಪ್ಪದ ಅಲ್ಯೂಮಿನಿಯಂ 75 ಗ್ರಾಂ. ಉಕ್ಕಿನದು ಎಂದು ಹೇಳಿ 80 ಗ್ರಾಂ ತೋರಿಸಿದರೆ ಮಾತು ಮುಗಿಯಿತು.

ಇದೇ ಕ್ರಮ ಜಪಾನಿನ ಒಕಿನಾವಾ ದ್ವೀಪದ ಪ್ಲೇಟುಗಳಿಗೂ ನಡೆಯುತ್ತದೆ. ಅಲ್ಲಿ ಅಮೆರಿಕದ ಆಡಳಿತ ಕೊನೆಯಾದದ್ದು 1972ರ ಮೇ 15ರಂದು. ನಮ್ಮ ಕಡೆಯ, ‘ಕೆಎ’ ಬರುವ ಮುಂಚಿನ ‘ಎಂವೈ’ ಪ್ಲೇಟುಗಳಿಗೆ ಮಾತ್ರ ಇದು ಹೊಂದದು. ಅವನ್ನು ಸರ್ಕಾರ ಅಚ್ಚು ಹಾಕಿಸಿ ಕೊಡುತ್ತಿರಲಿಲ್ಲ, ಪೇಂಟರ್ ಕೈಯಲ್ಲಿ ಬರೆಸುತ್ತಿದ್ದರು. ಹಾಗಾಗಿ ಅದೇ ನಂಬರಿನ ಹಳೆಯ ಆರ್‌ಸಿ ಪುಸ್ತಕ ಜೊತೆಗಿದ್ದರಷ್ಟೇ ಒಳ್ಳೆಯ ಬೆಲೆ ಕೊಡಿ.

ಪ್ಲೇಟು ಕೈಗೆ ಬಂದ ಕೂಡಲೇ ಉಜ್ಜಲು ಹೋಗಬೇಡಿ. ಹೆಚ್ಚಿನ ಪ್ಲೇಟು ಹಾಳಾಗುವುದು ಕೊಂಡವರ ಕೈಯಲ್ಲೇ. ಒದ್ದೆ ಹತ್ತಿಕಡ್ಡಿಯನ್ನು ಒಂದು ಮೂಲೆಯಲ್ಲಿ ಆಡಿಸಿ. ಬಣ್ಣ ಹತ್ತಿಕೊಂಡರೆ ನೀರು ಮುಟ್ಟಿಸದೆ ಮೆತ್ತನೆ ಬ್ರಷ್‌ನಿಂದ ಧೂಳು ಮಾತ್ರ ತೆಗೆಯಿರಿ. ಹತ್ತದಿದ್ದರೆ ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ ಒರೆಸಿ, ತಕ್ಷಣ ಒಣಗಿಸಿ. ಹುಣಸೆಹಣ್ಣು, ನಿಂಬೆರಸ, ಸ್ಟೀಲ್ ಸ್ಕ್ರಬ್ಬರ್ ಯಾವುದೂ ಬೇಡ: ಹುಳಿಯು ಬಣ್ಣದ ಕೆಳಗೆ ಇಳಿದು ಸಿಪ್ಪೆ ಏಳಿಸುತ್ತದೆ. ಸೊಟ್ಟಗಾದ ಬಣ್ಣದ ತಗಡನ್ನು ಎರಡು ಪ್ಲೈವುಡ್ ಹಲಗೆಗಳ ನಡುವೆ ಇಟ್ಟು ಕ್ಲಾಂಪನ್ನು ದಿನಕ್ಕಿಷ್ಟು ಬಿಗಿಸಬಹುದು, ಆದರೆ ಉಬ್ಬಿದ ಅಂಕಿಗಳ ಮೇಲೆ ಭಾರ ಬೀಳಬಾರದು. ಗಾಜಿನ ಪುಡಿ ಕರಗಿಸಿ ಹೊದಿಸಿದ ಎನಾಮಲ್ ಪ್ಲೇಟನ್ನು ಬಗ್ಗಿಸಲೇಬೇಡಿ, ಗಾಜಿನಂತೆ ಚಕ್ಕೆ ಏಳುತ್ತದೆ. ಹೊಸ ಬಣ್ಣ ಬಳಿದರಂತೂ ಸಂಗ್ರಾಹಕರ ಲೆಕ್ಕದಲ್ಲಿ ಅದು ಹಳೆಯ ಪ್ಲೇಟಾಗಿ ಉಳಿಯುವುದಿಲ್ಲ.

ಪಿವಿಸಿ ಕವರಿನೊಳಗೆ ಇಟ್ಟರೆ ಪ್ಲಾಸ್ಟಿಕ್ ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಕವರ್ ತನ್ನಿ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಮುಚ್ಚಳ ಬಿಗಿಯಾದ ಡಬ್ಬಿ, ಒಳಗೆ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಇರಲಿ. ಹರಳು ಹಸಿರಾದಾಗ ಹೊರತೆಗೆದು 120 ಡಿಗ್ರಿ ಓವನ್‌ನಲ್ಲಿ ಒಂದೆರಡು ಗಂಟೆ ಇಡಿ, ಮತ್ತೆ ಕಿತ್ತಳೆಯಾದ ಮೇಲೆ ಆರಿಸಿ ಡಬ್ಬಿಗೆ ಹಾಕಿ.