ಅಂಕವಿಲ್ಲದ ಪಂದ್ಯದಲ್ಲಿ ಆಟ ಬೆಳೆಸುವುದು ಹೇಗೆ?

‘ಸ್ಟ್ರೀಟ್ ಫೈಟರ್ 6’ ಅಥವಾ ‘ಟೆಕ್ಕನ್ 8’ನಂತಹ ಇಬ್ಬರು ಕಾದಾಡುವ ವಿಡಿಯೊ ಗೇಮ್ ತೆರೆದ ಕೂಡಲೇ ಹೆಚ್ಚಿನವರ ಕೈ ನೇರವಾಗಿ, ಸೋಲು ಗೆಲುವಿಗೆ ಅಂಕ ಏರಿಳಿಯುವ ರ‍್ಯಾಂಕ್ಡ್ ಪಂದ್ಯದತ್ತ ಹೋಗುತ್ತದೆ. ಆದರೆ ಅಂಕ ಇಳಿಯುವ ಭಯವಿದ್ದಾಗ ಕೈ ಗೊತ್ತಿರುವ ಹೊಡೆತಗಳನ್ನೇ ಹುಡುಕುತ್ತದೆ, ಹೊಸದಾಗಿ ಕಲಿತದ್ದು ಹೊರಬರುವುದೇ ಇಲ್ಲ. ಅಂಕದ ಲೆಕ್ಕವಿಲ್ಲದ ಕ್ಯಾಶುವಲ್ ಪಂದ್ಯದಲ್ಲಿ ಆ ಭಯವಿಲ್ಲ. ಹಾಗೆಂದು ಅಲ್ಲಿಗೂ ಗೆಲ್ಲಲೆಂದೇ ಹೋದರೆ ಹೆಚ್ಚೇನೂ ದಕ್ಕುವುದಿಲ್ಲ. ಒಂದು ಪ್ರಶ್ನೆ ಹಿಡಿದು ಹೋಗಬೇಕು, ಉತ್ತರ ಹಿಡಿದು ಬರಬೇಕು.

ಮೊದಲು ಪ್ರಶ್ನೆ ಆರಿಸಿ

‘ಚೆನ್ನಾಗಿ ಆಡಬೇಕು’ ಎನ್ನುವುದು ಪ್ರಶ್ನೆಯಲ್ಲ. ‘ಎದುರಾಳಿ ಜಿಗಿದು ಬಂದಾಗಲೆಲ್ಲ ಅವನನ್ನು ಗಾಳಿಯಲ್ಲೇ ಹೊಡೆದು ಕೆಡವುತ್ತಿದ್ದೇನೆಯೇ?’ ಎನ್ನುವುದು ಪ್ರಶ್ನೆ. ಆಟಗಾರರು ಆಂಟಿ ಏರ್ ಎಂದು ಕರೆಯುವುದು ಇದನ್ನೇ. ಆರಂಭದ ಹಂತದಲ್ಲಿರುವವರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲವೆಂದೇ ನನ್ನ ನಂಬಿಕೆ.

ಲೆಕ್ಕ ನೋಡಿ. ಈ ಆಟಗಳು ಸೆಕೆಂಡಿಗೆ 60 ಫ್ರೇಮ್ (ಪರದೆಯ ಮೇಲೆ ಮೂಡುವ ಒಂದೊಂದು ಚಿತ್ರ) ವೇಗದಲ್ಲಿ ನಡೆಯುತ್ತವೆ. ‘ಸ್ಟ್ರೀಟ್ ಫೈಟರ್ 6’ರಲ್ಲಿ ಒಂದು ಜಿಗಿತ ಮುಗಿಯಲು ಸುಮಾರು ಮುಕ್ಕಾಲು ಸೆಕೆಂಡ್ ಬೇಕು. ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸರಿಸುಮಾರು ಕಾಲು ಸೆಕೆಂಡ್ ಸಾಕು. ಅಂದರೆ ಸಮಯಕ್ಕೆ ಕೊರತೆಯಿಲ್ಲ. ಆದರೂ ಒದೆ ತಲೆಗೆ ಬೀಳುವುದು ಏಕೆ? ಕಣ್ಣು ನಮ್ಮ ಪಾತ್ರದ ಮೇಲಿರುತ್ತದೆ, ಮನಸ್ಸು ನಮ್ಮ ಮುಂದಿನ ಹೊಡೆತದಲ್ಲಿರುತ್ತದೆ. ಕೊರತೆ ಗಮನದ್ದು, ಕೈಯದ್ದಲ್ಲ. ಅದನ್ನು ತಿದ್ದಲು ಕ್ಯಾಶುವಲ್ ಪಂದ್ಯದಷ್ಟು ಒಳ್ಳೆಯ ಜಾಗ ಬೇರೆ ಇಲ್ಲ.

ಟ್ರೈನಿಂಗ್ ಮೋಡ್‌ನಲ್ಲಿ ಡಮ್ಮಿಯನ್ನು (ಅಭ್ಯಾಸಕ್ಕೆಂದು ನಿಲ್ಲುವ ಎದುರಾಳಿ ಪಾತ್ರ) ಜಿಗಿಯಲು ಬಿಟ್ಟು, ಹೊಡೆತವನ್ನು ಮೊದಲು ಕೈಗೆ ಹತ್ತಿಸಿಕೊಳ್ಳಿ. ಅನಂತರ ಪಂದ್ಯಕ್ಕೆ ಹೋಗಿ ಎದುರಾಳಿಯನ್ನೇ ನೋಡುತ್ತಿರಿ. ಕಾಂಬೊ (ಸಾಲು ಹೊಡೆತ) ತಪ್ಪಲಿ, ಸುತ್ತು ಸೋಲಲಿ, ಚಿಂತೆಯಿಲ್ಲ. ಎಷ್ಟು ಸಲ ಜಿಗಿದ, ಎಷ್ಟು ಸಲ ಕೆಡವಿದಿರಿ ಎನ್ನುವುದನ್ನಷ್ಟೇ ಎಣಿಸಿ.

ನೋಡಿ ತಡೆಯುವುದು, ಊಹಿಸಿ ತಡೆಯುವುದು

ಎಲ್ಲ ಹೊಡೆತಗಳನ್ನೂ ನೋಡಿ ತಡೆಯಲಾಗದು. ‘ಸ್ಟ್ರೀಟ್ ಫೈಟರ್ 6’ರ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರೀ ಹೊಡೆತ ತಾಗಲು 26 ಫ್ರೇಮ್ ತೆಗೆದುಕೊಳ್ಳುತ್ತದೆ. ಕಣ್ಣಿಟ್ಟು ಕಾಯುವವರು ಅದಕ್ಕೆ ಉತ್ತರ ಕೊಡಬಲ್ಲರು. ಎದುರಾಳಿಯನ್ನು ಹಿಡಿದು ಎಸೆಯುವ ಥ್ರೋ 5 ಫ್ರೇಮ್‌ನಲ್ಲೇ ಬರುತ್ತದೆ, ಅಂದರೆ ಸೆಕೆಂಡಿನ ಹನ್ನೆರಡನೇ ಒಂದು ಭಾಗ. ಅದನ್ನು ನೋಡಿ ತಪ್ಪಿಸಿಕೊಳ್ಳುವುದು ಯಾವ ಮನುಷ್ಯನಿಗೂ ಸಾಧ್ಯವಿಲ್ಲ. ಹಾಗಾಗಿ ಥ್ರೋ ಬಗೆಗಿನ ಪ್ರಶ್ನೆ ಬೇರೆ ರೀತಿಯದಾಗಿರಬೇಕು. ಈ ಎದುರಾಳಿ ಯಾವಾಗ ಥ್ರೋ ಮಾಡುತ್ತಾನೆ? ನಾನು ಬಿದ್ದು ಏಳುವಾಗಲೇ? ಎರಡು ಸಣ್ಣ ಹೊಡೆತಗಳನ್ನು ಬ್ಲಾಕ್ ಮಾಡಿದ ಮೇಲೆಯೇ? ನೋಡಿ ತಡೆಯುವುದನ್ನೂ ಊಹಿಸಿ ತಡೆಯುವುದನ್ನೂ ಬೇರ್ಪಡಿಸಿಕೊಳ್ಳದೆ ‘ನನ್ನ ಕೈ ನಿಧಾನ’ ಎಂದು ಕೊರಗುವ ಆಟಗಾರರು ಬಹಳ ಮಂದಿ. ಅವರಿಗಾಗಿಯೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಒಬ್ಬರೊಂದಿಗೇ ದೀರ್ಘವಾಗಿ ಆಡಿ

ಎದುರಾಳಿಯ ರೂಢಿಗಳನ್ನು ಓದಲು ಎರಡು ಮೂರು ಆಟ ಸಾಲದು. ಸಮಬಲದ ಅಥವಾ ತುಸು ಮೇಲಿನ ಮಟ್ಟದ ಒಬ್ಬರನ್ನು ಹುಡುಕಿ, ಯಾರು ಮೊದಲು ಹತ್ತು ಆಟ ಗೆಲ್ಲುತ್ತಾರೆ ಎಂಬ ಕ್ರಮದಲ್ಲಿ ಆಡಿ. ಮೊದಲ ಆಟಗಳಲ್ಲಿ ನಡೆದ ತಂತ್ರ ಐದಾರು ಆಟಗಳ ನಂತರ ನಡೆಯದಂತಾಗುತ್ತದೆ. ಎದುರಾಳಿ ನಿಮ್ಮನ್ನು ಓದಿಬಿಟ್ಟಿರುತ್ತಾನೆ. ನಿಜವಾದ ಕಲಿಕೆ ತೊಡಗುವುದು ಅಲ್ಲಿಂದ. ಮುಗಿದ ಮೇಲೆ ನಾಚಿಕೆಯಿಲ್ಲದೆ ಕೇಳಿ: ‘ನಾನು ಮುಂದೇನು ಮಾಡುತ್ತೇನೆಂದು ನಿಮಗೆ ಎಲ್ಲಿ ಗೊತ್ತಾಗುತ್ತಿತ್ತು?’

ಪಾಕಿಸ್ತಾನದ ಅರ್ಸಲಾನ್ ಆ್ಯಶ್ 2019ರಲ್ಲಿ ‘ಟೆಕ್ಕನ್ 7’ ಆಟದಲ್ಲಿ ಎವೊ ಜಪಾನ್ ಎಂಬ ದೊಡ್ಡ ಟೂರ್ನಿ ಗೆದ್ದರು, ಅದೇ ವರ್ಷ ಲಾಸ್ ವೇಗಾಸ್‌ನ ಎವೊವನ್ನೂ ಗೆದ್ದರು. ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಅದುವರೆಗೆ ಅವರ ಹೆಸರು ಹೆಚ್ಚು ಕೇಳಿಬಂದಿರಲಿಲ್ಲ. ತಮ್ಮ ದೇಶದ ಬಲಿಷ್ಠ ಆಟಗಾರರೊಂದಿಗೆ ಆಡಿಯೇ ಅವರು ಆ ಮಟ್ಟಕ್ಕೆ ಬೆಳೆದಿದ್ದರು.

ಆನ್‌ಲೈನ್‌ನಲ್ಲಿ ಆಡುವುದಾದರೆ ಸಾಧ್ಯವಾದಷ್ಟೂ ವೈ-ಫೈ ಬಿಟ್ಟು ಕೇಬಲ್ ಬಳಸಿ. ಸಂಪರ್ಕ ತಡವರಿಸಿದರೆ ಕಲಿತ ಲಯವೇ ಕೆಡುತ್ತದೆ.

ರಿಪ್ಲೇಯಲ್ಲಿ ಏನು ನೋಡಬೇಕು

ಎಲ್ಲವನ್ನೂ ನೋಡಲು ಕೂರಬೇಡಿ. ಒಂದೇ ಹೊಡೆತ ಮತ್ತೆ ಮತ್ತೆ ತಾಗಿದ ಜಾಗವನ್ನಷ್ಟೇ ಹುಡುಕಿ, ಅದಕ್ಕೆ ಅರ್ಧ ಸೆಕೆಂಡ್ ಮೊದಲು ನೀವೇನು ಮಾಡುತ್ತಿದ್ದಿರಿ ಎಂದು ಗಮನಿಸಿ. ಬಹುತೇಕ ಸಲ ತಪ್ಪು ಅಲ್ಲೇ ಆಗಿರುತ್ತದೆ: ತಾಗದಷ್ಟು ದೂರದಿಂದ ಬೀಸಿದ ಒದೆ, ಅಥವಾ ನಿಮ್ಮ ಸರದಿಯಲ್ಲದಿದ್ದರೂ ಒತ್ತಿದ ಬಟನ್. ‘ಟೆಕ್ಕನ್ 8’ರಲ್ಲಿ ರಿಪ್ಲೇಯ ನಡುವೆಯೇ ನಿಮ್ಮ ಪಾತ್ರವನ್ನು ಕೈಗೆ ತೆಗೆದುಕೊಂಡು ಬೇರೆ ಉತ್ತರ ಪ್ರಯತ್ನಿಸಬಹುದು. ಆ ಸೌಲಭ್ಯವಿಲ್ಲದ ಆಟದಲ್ಲಿ ಅದೇ ಹೊಡೆತವನ್ನು ಡಮ್ಮಿಗೆ ರೆಕಾರ್ಡ್ ಮಾಡಿ ಅಭ್ಯಾಸ ಮಾಡಿ.

ಬಿಗಿ ನಿಯಮದಲ್ಲಿ ಪರೀಕ್ಷೆ

ಆಂಟಿ ಏರ್ ಯೋಚಿಸದೆಯೇ ಬರತೊಡಗಿದ ಮೇಲೆ, ಅದೇ ಜೊತೆಗಾರರೊಂದಿಗೆ ಟೂರ್ನಿಯ ಕ್ರಮದಲ್ಲಿ ಆಡಿ. ಮೂರರಲ್ಲಿ ಎರಡು ಗೆದ್ದವರದ್ದು ಜಯ. ನಡುವೆ ಮಾತಿಲ್ಲ, ಮರುಪಂದ್ಯವಿಲ್ಲ. ಒತ್ತಡದಲ್ಲಿ ಹೊಡೆತ ಮಾಯವಾದರೆ ಅದನ್ನು ಇನ್ನಷ್ಟು ದಿನ ಕ್ಯಾಶುವಲ್ ಪಂದ್ಯಗಳಿಗೇ ಒಯ್ಯಿರಿ. ಉಳಿದುಕೊಂಡರೆ ರ‍್ಯಾಂಕ್ಡ್‌ಗೆ ಹೋಗಬಹುದು. ಆ ಹೊತ್ತಿಗೆ ಕ್ಯಾಶುವಲ್‌ಗೆ ಥ್ರೋ ಬಗೆಗಿನ ಪ್ರಶ್ನೆಯನ್ನು ಎತ್ತಿಕೊಳ್ಳಿ.