ಕೆಲಸಕ್ಕೆ ಜನ ಬೇಕಾ? ಮೊದಲು ನಿಮ್ಮ ಹೆಸರನ್ನು ಫೋನಿನಲ್ಲಿ ಹುಡುಕಿ

ನವೆಂಬರ್ ಬಂತೆಂದರೆ ಕೊಡಗಿನಲ್ಲಿ ಎಲ್ಲರಿಗೂ ಒಟ್ಟಿಗೇ ಜನ ಬೇಕು. ಅರೇಬಿಕಾ ಕಾಫಿ ಹಣ್ಣಾಗಿರುತ್ತದೆ. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಕುಯ್ಲು ಶುರು. ನಡುವೆ ಕ್ರಿಸ್‌ಮಸ್, ಹೊಸ ವರ್ಷ ಅಂತ ಹೋಂಸ್ಟೇ, ರೆಸಾರ್ಟ್‌ಗಳು ತುಂಬಿರುತ್ತವೆ. ತೋಟಕ್ಕೆ ಕುಯ್ಯುವವರು ಬೇಕು, ಲೆಕ್ಕ ಬರೆಯುವ ರೈಟರ್ ಬೇಕು. ಹೋಂಸ್ಟೇಗೆ ಅಡುಗೆಯವರು, ರೂಮ್ ಕ್ಲೀನ್ ಮಾಡುವವರು, ಬುಕಿಂಗ್ ನೋಡಿಕೊಳ್ಳುವವರು ಬೇಕು.

ಹಿಂದೆ ಈ ಸುದ್ದಿ ಕೆಲಸಕ್ಕೆ ಜನ ಕರೆತರುವ ಮೇಸ್ತ್ರಿ ಮೂಲಕ, ಸಂತೆಯಲ್ಲಿ, ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಹರಡುತ್ತಿತ್ತು. ಮೇಸ್ತ್ರಿಗಳು ಈಗಲೂ ಇದ್ದಾರೆ. ಆದರೆ ಅವರ ಮಾತು ನಂಬಿ ಹೊರಡುವ ಮೊದಲು ಕೆಲಸಗಾರರು ವಾಟ್ಸ್‌ಆ್ಯಪ್‌ನಲ್ಲಿ ಒಮ್ಮೆ ವಿಚಾರಿಸುತ್ತಾರೆ. ಅಸ್ಸಾಮಿನಿಂದ ಬರುವ ಹುಡುಗ, ಸಿದ್ದಾಪುರದ ಕಡೆ ಈಗಾಗಲೇ ಕೆಲಸದಲ್ಲಿರುವ ತನ್ನೂರಿನವನಿಗೆ ವಾಯ್ಸ್ ಮೆಸೇಜ್ ಕಳಿಸುತ್ತಾನೆ. ಬೆಂಗಳೂರು ಬಿಟ್ಟು ಊರಿಗೆ ವಾಪಸ್ ಬರಬೇಕೆಂದಿರುವ ವಿರಾಜಪೇಟೆಯ ಹುಡುಗಿ ಗೂಗಲ್ ರಿವ್ಯೂ ಓದುತ್ತಾಳೆ. ‘ಅಲ್ಲಿ ಬಟವಾಡೆ ಸರಿಯಾಗಿ ಕೊಡಲ್ಲ, ಹೋಗ್ಬೇಡ’ ಎಂಬ ಒಂದೇ ಮಾತು ಸಾಕು, ನಿಮ್ಮ ಜಾಹೀರಾತು ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಜಾಹೀರಾತು ತಲುಪುವ ಮೊದಲೇ ನಿಮ್ಮ ಹೆಸರು ತಲುಪಿರುತ್ತದೆ. ಸಣ್ಣ ತೋಟ, ಹೋಂಸ್ಟೇ, ಅಂಗಡಿ, ಕೆಫೆ ನಡೆಸುವವರು ಜನ ಹುಡುಕುವ ಕೆಲಸವನ್ನು ಅಲ್ಲಿಂದಲೇ ಶುರು ಮಾಡಬೇಕು.

1. ಹೊರಗಿನವರ ಕಣ್ಣಿನಿಂದ ನೋಡಿ

ನಿಮ್ಮ ಫೋನ್ ಬಿಡಿ, ಬೇರೆಯವರ ಫೋನ್ ತೆಗೆದುಕೊಳ್ಳಿ. ನಿಮ್ಮ ಹೋಂಸ್ಟೇ ಅಥವಾ ತೋಟದ ಹೆಸರನ್ನು ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಗೂಗಲ್‌ನಲ್ಲಿ ಹುಡುಕಿ. ಮ್ಯಾಪ್ಸ್, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ನೋಡಿ. ಸ್ವಲ್ಪ ದೊಡ್ಡ ಸಂಸ್ಥೆಯಾದರೆ ಆಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್ ಕೂಡ ನೋಡಿ. ಕೆಲಸ ಮಾಡಿದವರೇ ತಮ್ಮ ಅನುಭವ ಬರೆಯುವ ಜಾಗಗಳು ಅವು.

ರಿವ್ಯೂಗಳನ್ನು ಹೊಸದರಿಂದ ಹಳೆಯದಕ್ಕೆ ಓದಿ. ಗೆಸ್ಟ್‌ಗಳು ಊಟ, ವ್ಯೂ ಬಗ್ಗೆ ಮಾತ್ರ ಬರೆಯುವುದಿಲ್ಲ. ‘ಓನರ್ ನಮ್ಮೆದುರೇ ಕೆಲಸದ ಹುಡುಗನಿಗೆ ಬೈದರು’ ಎಂದೂ ಬರೆಯುತ್ತಾರೆ. ರೂಮ್ ಬುಕ್ ಮಾಡುವವರು ಅದನ್ನು ಓದಿ ಮರೆತುಬಿಡಬಹುದು. ಕೆಲಸ ಹುಡುಕುವವರು ಮರೆಯುವುದಿಲ್ಲ.

ಮ್ಯಾಪ್ಸ್‌ನಲ್ಲಿ ಫೋನ್ ನಂಬರ್ ಸರಿ ಇದೆಯಾ, ಜಾಗ ತೋರಿಸುವ ಪಿನ್ ಸರಿಯಾದ ಗೇಟಿಗೆ ಬಿದ್ದಿದೆಯಾ ನೋಡಿ. ಮಳೆಯಲ್ಲಿ ಕೊನೇ ಬಸ್ಸಿಗೆ ಬಂದಿಳಿದು, ಪಿನ್ ನಂಬಿ ಪಕ್ಕದ ತೋಟದೊಳಗೆ ಹೋದವರಿಗೆ ಮೊದಲ ದಿನವೇ ಮನಸ್ಸು ಮುರಿಯುತ್ತದೆ. ಗೂಗಲ್ ಬಿಸಿನೆಸ್ ಪ್ರೊಫೈಲನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳುವುದಕ್ಕೆ ದುಡ್ಡು ಕೊಡಬೇಕಿಲ್ಲ. ಅದಾದ ಮೇಲೆ ನಂಬರ್, ಪಿನ್ ತಿದ್ದುವುದು, ರಿವ್ಯೂಗೆ ಉತ್ತರ ಕೊಡುವುದು ನಿಮ್ಮ ಕೈಯಲ್ಲೇ ಇರುತ್ತದೆ.

2. ಜಾಹೀರಾತಿನಲ್ಲಿ ಎಲ್ಲವನ್ನೂ ಹೇಳಿ

ಕೊಡಗಿನ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಹೆಚ್ಚಾಗಿ ಓಡಾಡುವುದು ಈ ಥರದ ಮೆಸೇಜು: ‘ಹೋಂಸ್ಟೇಗೆ ಹುಡುಗರು ಬೇಕು. ಊಟ, ವಸತಿ ಫ್ರೀ. ಒಳ್ಳೆ ಸಂಬಳ. ಕೂಡಲೇ ಕರೆ ಮಾಡಿ.’

ಇದರಲ್ಲಿ ಯಾವ ಊರು ಅಂತಿಲ್ಲ, ಏನು ಕೆಲಸ ಅಂತಿಲ್ಲ. ಒಳ್ಳೆ ಸಂಬಳ ಅಂದರೆ ಎಷ್ಟು? ಇವತ್ತಿನ ಮೆಸೇಜಾ, ಹೋದ ವರ್ಷದ್ದಾ? ಕರೆ ಮಾಡುವವರು ಇಷ್ಟನ್ನೂ ಕೇಳಬೇಕು, ನೀವು ಪ್ರತಿಯೊಬ್ಬರಿಗೂ ಹೇಳಬೇಕು. ಸಂಬಳ ಕೇಳಲು ಸಂಕೋಚಪಡುವವರು ಕರೆಯನ್ನೇ ಮಾಡುವುದಿಲ್ಲ. ಎಷ್ಟೋ ಸಲ ಒಳ್ಳೆ ಕೆಲಸಗಾರರೇ ಹಾಗೆ ಸುಮ್ಮನಾಗುವವರು.

ಅದನ್ನೇ ಹೀಗೆ ಬರೆದು ನೋಡಿ. ಅಂಕಿಗಳು ಮಾದರಿಗೆ ಮಾತ್ರ.

‘ಅಡುಗೆಯವರು ಬೇಕು, ಒಬ್ಬರು. ಗಂಡಸರಾದರೂ ಸರಿ, ಹೆಂಗಸರಾದರೂ ಸರಿ. ಮಡಿಕೇರಿ ಹತ್ತಿರ, ಗಾಳಿಬೀಡು ರಸ್ತೆಯ ಹೋಂಸ್ಟೇ, 6 ರೂಮು. ಸಂಬಳ ತಿಂಗಳಿಗೆ 20,000 ರೂ., ಪ್ರತಿ ತಿಂಗಳು 5ನೇ ತಾರೀಕು ಬ್ಯಾಂಕಿಗೆ. ಬೆಳಗ್ಗೆ 6.30ರಿಂದ 10.30, ಸಂಜೆ 5ರಿಂದ 9. ಮಂಗಳವಾರ ರಜೆ. ಇರಲು ಒಬ್ಬರಿಗೇ ಒಂದು ರೂಮು, ಬಿಸಿನೀರು ಇದೆ. ಮೂರು ಹೊತ್ತು ಊಟ. ಮೊಬೈಲ್ ಸಿಗ್ನಲ್ ಕಮ್ಮಿ, ವೈಫೈ ಇದೆ. ಪಂದಿ ಕರಿ, ಕಡುಬು ಮಾಡಲು ಗೊತ್ತಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಕಲಿಸುತ್ತೇವೆ. ಮೆಸೇಜ್ ಹಾಕಿದ ದಿನ ನವೆಂಬರ್ 3, ನವೆಂಬರ್ 15ರ ನಂತರ ಕರೆ ಬೇಡ. ಸಂಜೆ 4ರ ಒಳಗೆ ಫೋನ್ ಮಾಡಿ. ಕೆಲಸಕ್ಕಾಗಿ ನಾವು ಯಾರಿಂದಲೂ ಹಣ ಪಡೆಯುವುದಿಲ್ಲ.’

ಸಿಗ್ನಲ್ ಕಮ್ಮಿ ಅಂತ ಯಾಕೆ ಹೇಳಬೇಕು ಅನಿಸಬಹುದು. ಬಂದ ಮೇಲೆ ಗೊತ್ತಾಗೇ ಆಗುತ್ತದೆ ಅಲ್ವಾ? ಮೊದಲೇ ಗೊತ್ತಿದ್ದು ಬಂದವರು ಉಳಿಯುತ್ತಾರೆ. ಬಂದ ಮೇಲೆ ಗೊತ್ತಾದವರು ವಾರದೊಳಗೆ ಗಂಟು ಕಟ್ಟುತ್ತಾರೆ, ಹೋಗುತ್ತಾ ಇನ್ನೂ ನಾಲ್ಕು ಜನಕ್ಕೆ ಹೇಳುತ್ತಾರೆ.

ತೋಟದ ಕೆಲಸಕ್ಕಾದರೆ ಕೂಲಿ ದಿನದ ಲೆಕ್ಕವೋ ಕೆ.ಜಿ. ಲೆಕ್ಕವೋ ಹೇಳಿ. ಕೆ.ಜಿ. ಲೆಕ್ಕವಾದರೆ ತೂಕ ಯಾರ ಎದುರು ಆಗುತ್ತದೆ, ಬಟವಾಡೆ ಯಾವ ವಾರ, ಅಡ್ವಾನ್ಸ್ ಕೊಟ್ಟರೆ ಹೇಗೆ ಹಿಡಿಯುತ್ತೀರಿ, ಕೆಲಸಗಾರರು ಇರುವ ಲೈನ್‌ಮನೆಯಲ್ಲಿ ಒಂದು ಕೋಣೆಗೆ ಎಷ್ಟು ಜನ, ಕಕ್ಕಸು ಎಲ್ಲಿದೆ, ಮಕ್ಕಳಿಗೆ ಶಾಲೆ ಎಷ್ಟು ದೂರ ಎಂಬುದನ್ನೂ ಹೇಳಿ. ಗಂಡಸರಿಗೆ ಇಷ್ಟು, ಹೆಂಗಸರಿಗೆ ಇಷ್ಟು ಅಂತ ಒಂದೇ ಕೆಲಸಕ್ಕೆ ಎರಡು ಕೂಲಿ ಬರೆಯಬೇಡಿ. ಅದು ಕಾನೂನಿಗೆ ವಿರುದ್ಧ, ಮತ್ತು ಅದು ತಪ್ಪು. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ‘ಚಿಕ್ಕ ಹುಡುಗರಾದರೂ ಪರವಾಗಿಲ್ಲ’ ಎಂಬ ಸಾಲು ಯಾವ ಜಾಹೀರಾತಿನಲ್ಲೂ ಕಾಣಿಸಬಾರದು.

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ, ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. 2013ರ ಕಾಯ್ದೆ ಹಾಗೆ ಹೇಳುತ್ತದೆ. ಸಮಿತಿ ಇದ್ದರೆ ಅದನ್ನೂ ಬರೆಯಿರಿ. ಮಗಳನ್ನು ದೂರದ ರೆಸಾರ್ಟಿಗೆ ಕೆಲಸಕ್ಕೆ ಕಳಿಸುವ ತಂದೆತಾಯಿಗೆ ಆ ಒಂದು ಸಾಲು ಎಷ್ಟೋ ಧೈರ್ಯ ಕೊಡುತ್ತದೆ.

3. ಯಾರಿಗೆ ಎಲ್ಲಿ ಹೇಳಬೇಕು

ಎಲ್ಲ ಕೆಲಸಕ್ಕೂ ಒಂದೇ ಜಾಗ ಸಾಲದು. ಕುಯ್ಲಿಗೆ, ಅಡುಗೆಗೆ, ಡ್ರೈವರ್ ಕೆಲಸಕ್ಕೆ ವಾಟ್ಸ್‌ಆ್ಯಪ್ ಗ್ರೂಪು, ಊರಿನ ಫೇಸ್‌ಬುಕ್ ಪೇಜು. ಮ್ಯಾನೇಜರ್, ಅಕೌಂಟೆಂಟ್, ತೋಟಗಾರಿಕೆ ಓದಿದವರು ಬೇಕಾದರೆ ಲಿಂಕ್ಡ್‌ಇನ್, ನೌಕ್ರಿಯಂಥ ವೆಬ್‌ಸೈಟು. ಬೆಂಗಳೂರು, ಮೈಸೂರಿನಲ್ಲಿ ಕೆಲಸದಲ್ಲಿರುವ ಕೊಡಗಿನವರಲ್ಲಿ ಊರಿಗೆ ಬರುವ ಆಸೆ ಇರುವವರು ಬಹಳ. ಅವರನ್ನು ಮನಸ್ಸಿನಲ್ಲಿಟ್ಟು ಬರೆಯಿರಿ. ಪೊನ್ನಂಪೇಟೆಯ ಅರಣ್ಯ ಕಾಲೇಜಿನಂಥ ಕಡೆ ಓದಿದವರಿಗೆ ತೋಟದ ಕೆಲಸದಲ್ಲಿ ಕಲಿಯಲು ಏನಿದೆ ಎಂದು ಎರಡು ಸಾಲು ಸೇರಿಸಿ.

ವಾಟ್ಸ್‌ಆ್ಯಪ್ ಬಗ್ಗೆ ಎರಡು ಮಾತು. ಸ್ಟೇಟಸ್ 24 ಗಂಟೆಯಲ್ಲಿ ಹೋಗಿಬಿಡುತ್ತದೆ, ಫಾರ್ವರ್ಡ್ ಆದ ಮೆಸೇಜ್ ಮಾತ್ರ ವರ್ಷಗಟ್ಟಲೆ ಓಡಾಡುತ್ತದೆ. ಅದಕ್ಕೇ ತಾರೀಕು ಮೆಸೇಜಿನೊಳಗೇ ಇರಬೇಕು. ಐದು ಕೈ ದಾಟಿ ಬಂದ ಮೆಸೇಜಿಗೆ ಎರಡು ಬಾಣದ ಗುರುತು ಬೀಳುತ್ತದೆ, ಆಮೇಲೆ ಅದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಲು ಸಾಧ್ಯ. ಆ ಗುರುತು ನೋಡಿ ‘ಇದು ಸುಮ್ನೆ ಫಾರ್ವರ್ಡ್’ ಅಂತ ಬಿಟ್ಟುಬಿಡುವವರೂ ಇದ್ದಾರೆ. ಹಾಗಾಗಿ ನಿಮಗೆ ಗೊತ್ತಿರುವ ಗ್ರೂಪ್‌ಗಳಿಗೆ ನೀವೇ ನೇರವಾಗಿ ಹಾಕುವುದು ಒಳ್ಳೆಯದು.

ಬಣ್ಣಬಣ್ಣದ ಪೋಸ್ಟರ್ ಒಂದನ್ನೇ ಹಾಕಬೇಡಿ. ಚಿತ್ರದೊಳಗಿನ ಅಕ್ಷರವನ್ನು ಕಾಪಿ ಮಾಡುವುದು ಕಷ್ಟ. ಬರಹವಾಗಿ ಕಳಿಸಿದರೆ ಓದುವವರು ತಮ್ಮ ಭಾಷೆಗೆ ತಿರುಗಿಸಿಕೊಳ್ಳಬಹುದು. ಓದಲು ಬಾರದವರಿಗೆ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಮಾಡಿ. ಹಿಂದಿ, ಅಸ್ಸಾಮಿ, ಬಂಗಾಳಿ ಮಾತಾಡುವವರು ನಿಮ್ಮಲ್ಲೇ ಇದ್ದರೆ ಅವರನ್ನೇ ಕೇಳಿ. ಅವರು ಖುಷಿಯಿಂದ ಒಪ್ಪಿದರೆ ಅದಕ್ಕಿಂತ ದೊಡ್ಡ ಜಾಹೀರಾತಿಲ್ಲ. ಹಿಂದೆಮುಂದೆ ನೋಡಿದರೆ ಒತ್ತಾಯ ಬೇಡ, ಯಾಕೆ ಹಿಂಜರಿದರು ಎಂದು ಯೋಚಿಸಿ.

4. ಫೋಟೊ ಮತ್ತು ಆಧಾರ್

ಗೆಸ್ಟ್ ರೂಮಿನ ಫೋಟೊ ಬೇಡ. ಕೆಲಸದವರು ಮಲಗುವ ರೂಮು, ನಲ್ಲಿ, ಅಡುಗೆಮನೆ ಇರುವ ಹಾಗೇ ತೋರಿಸಿ. ತೋರಿಸಲು ಮುಜುಗರವಾಗುವ ಸ್ಥಿತಿಯಲ್ಲಿದ್ದರೆ ಮೊದಲು ರಿಪೇರಿ ಮಾಡಿಸಿ, ಆಮೇಲೆ ಜನ ಕರೆಯಿರಿ.

ಕಾಫಿ ಕುಯ್ಯುವ ಹೆಂಗಸರ ಫೋಟೊ ತೆಗೆದು ಇನ್‌ಸ್ಟಾಗ್ರಾಮ್‌ಗೆ ಹಾಕುವುದು ಈಗ ರೂಢಿಯಾಗಿಬಿಟ್ಟಿದೆ. ಕೇಳಿ ಹಾಕಿ. ಎಲ್ಲಿ ಹಾಕುತ್ತೀರಿ ಅಂತಲೂ ಹೇಳಿ, ಬೇಡ ಅಂದರೆ ತೆಗೆಯಿರಿ. ಅವರ ಮಕ್ಕಳ ಫೋಟೊ ಬೇಡವೇ ಬೇಡ.

ಆಧಾರ್ ಕಾರ್ಡನ್ನು ಗ್ರೂಪಿಗೆ ಹಾಕಲು ಯಾರಿಗೂ ಹೇಳಬೇಡಿ. ಕೆಲಸ ಖಾತ್ರಿಯಾದ ಮೇಲೆ ಒಬ್ಬರ ನಂಬರಿಗೆ ಮಾತ್ರ ಕಳಿಸಲಿ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಿಗುತ್ತದೆ, ಎಷ್ಟೋ ಕಡೆ ಅದೇ ಸಾಕು.

5. ಅವರ ಪ್ರೊಫೈಲ್ ನೀವು ನೋಡುವಾಗ

ಅವರು ನಿಮ್ಮನ್ನು ಹುಡುಕುವಂತೆ ನೀವೂ ಅವರನ್ನು ಹುಡುಕುತ್ತೀರಿ. ಕೆಲಸಕ್ಕೆ ಸಂಬಂಧಿಸಿದ್ದನ್ನು ನೋಡಿ, ಉಳಿದದ್ದನ್ನು ಬಿಡಿ. ಅಡುಗೆಯವರು ಹಾಕಿದ ಅಡುಗೆಯ ಫೋಟೊ ನೋಡಬಹುದು. ಮದುವೆಯಲ್ಲಿ ವಾಲಗಕ್ಕೆ ಕುಣಿದ ವಿಡಿಯೊ, ಜಾತಿ, ಧರ್ಮ, ಪಕ್ಷ ಇವು ಯಾವುವೂ ಅವರು ಕೆಲಸ ಹೇಗೆ ಮಾಡುತ್ತಾರೆಂದು ಹೇಳುವುದಿಲ್ಲ. ಒಂದೇ ಹೆಸರಿನವರು ಎಷ್ಟೋ ಜನ ಇರುತ್ತಾರೆ, ಬೇರೆ ಯಾರದೋ ಪ್ರೊಫೈಲ್ ನೋಡಿ ಇವರನ್ನು ಬಿಟ್ಟುಬಿಡುವ ಅಪಾಯವೂ ಇದೆ. ಅನುಮಾನ ಬಂದರೆ ಅವರನ್ನೇ ಕೇಳಿ. ಹಿಂದೆ ಕೆಲಸ ಮಾಡಿದ ಕಡೆಗೆ, ಅವರಿಗೆ ಹೇಳಿಯೇ, ಒಂದು ಫೋನ್ ಮಾಡಿ.

6. ಕೆಟ್ಟ ರಿವ್ಯೂ ಬಂದಾಗ

ಎಷ್ಟೇ ಚೆನ್ನಾಗಿ ನಡೆಸಿದರೂ ಇದು ಬಂದೇ ಬರುತ್ತದೆ. ‘ಇಲ್ಲಿ ಸಂಬಳ ಸರಿಯಾಗಿ ಕೊಡಲ್ಲ’ ಎಂದು ಯಾರೋ ಬರೆದಿದ್ದಾರೆ ಅಂತಿಟ್ಟುಕೊಳ್ಳಿ. ಓದಿದ ತಕ್ಷಣ ಉತ್ತರ ಬರೆಯಬೇಡಿ. ಒಂದು ರಾತ್ರಿ ಕಳೆಯಲಿ. ಬೆಳಗ್ಗೆ ಲೆಕ್ಕದ ಪುಸ್ತಕ ತೆಗೆದು ನೋಡಿ: ತಡವಾಗಿತ್ತಾ, ಇಲ್ಲವಾ?

ತಡವಾಗಿದ್ದರೆ ಉತ್ತರ ಹೀಗಿರಲಿ: ‘ನಮಸ್ಕಾರ. ಮೇ ತಿಂಗಳ ಸಂಬಳ ಹನ್ನೊಂದು ದಿನ ತಡವಾಗಿದ್ದು ನಿಜ. ತಪ್ಪು ನಮ್ಮದೇ. ಬಾಕಿ ಪೂರ್ತಿ ಕೊಟ್ಟಿದ್ದೇವೆ. ಜೂನ್‌ನಿಂದ 5ನೇ ತಾರೀಕಿಗೆ ಬ್ಯಾಂಕಿಗೆ ಹಾಕುತ್ತಿದ್ದೇವೆ. ಇನ್ನೂ ಬರಬೇಕಾದ್ದು ಇದೆ ಅನಿಸಿದರೆ ದಯವಿಟ್ಟು ಫೋನ್ ಮಾಡಿ.’ ಇಷ್ಟೇ ಸಾಕು. ಬರೆದವರು ಕುಡಿಯುತ್ತಿದ್ದರು, ಕೆಲಸಕ್ಕೆ ಸರಿಯಾಗಿ ಬರುತ್ತಿರಲಿಲ್ಲ, ಸಾಲ ಮಾಡಿದ್ದರು ಅಂತೆಲ್ಲ ಬರೆಯಬೇಡಿ. ನಿಜವಾದರೂ ಬೇಡ. ಓದುವ ಹತ್ತು ಜನ ‘ನಾಳೆ ನಮ್ಮ ಬಗ್ಗೆಯೂ ಹೀಗೇ ಬರೆಯುತ್ತಾರೆ’ ಅಂದುಕೊಳ್ಳುತ್ತಾರೆ.

ಆರೋಪ ಸುಳ್ಳಾಗಿದ್ದರೆ ‘ನಮ್ಮ ದಾಖಲೆಯ ಪ್ರಕಾರ ಎಲ್ಲ ತಿಂಗಳ ಸಂಬಳ ಸಮಯಕ್ಕೆ ಕೊಟ್ಟಿದ್ದೇವೆ, ನೇರವಾಗಿ ಮಾತಾಡೋಣ’ ಎಂದಷ್ಟೇ ಹೇಳಿ. ಬೈಗುಳ ಇದ್ದರೆ, ನಿಮ್ಮಲ್ಲಿ ಕೆಲಸವೇ ಮಾಡದವರು ಬರೆದಿದ್ದರೆ ಗೂಗಲ್‌ಗೆ ರಿಪೋರ್ಟ್ ಮಾಡಬಹುದು. ಬೇರೆಯವರ ರಿವ್ಯೂವನ್ನು ನೀವೇ ಅಳಿಸಲಾಗದು. ಅಳಿಸಿ ಹೋದರೂ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ಮಾತನ್ನು ಅಳಿಸುವವರು ಯಾರು? ಕಾರಣ ಸರಿಪಡಿಸದೆ ಬೇರೆ ದಾರಿಯಿಲ್ಲ.

ಅಣ್ಣ, ತಂಗಿ, ಭಾವನ ಕೈಯಲ್ಲಿ ಐದು ಸ್ಟಾರ್ ಹಾಕಿಸುವುದಂತೂ ಬೇಡ. ಸುಳ್ಳು ರಿವ್ಯೂ, ದುಡ್ಡು ಅಥವಾ ಡಿಸ್ಕೌಂಟ್ ಕೊಟ್ಟು ಹಾಕಿಸಿದ ರಿವ್ಯೂ ಎರಡೂ ಗೂಗಲ್ ನಿಯಮಕ್ಕೆ ವಿರುದ್ಧ.

7. ನಿಮ್ಮ ಹೆಸರಿನಲ್ಲಿ ಮೋಸ, ಮಳೆಗಾಲದ ವಿಡಿಯೊ

ಯಾರೋ ನಿಮ್ಮ ರೆಸಾರ್ಟಿನ ಫೋಟೊ ಹಾಕಿ, ‘ರಿಜಿಸ್ಟ್ರೇಷನ್ ಫೀಸ್ ಕಳಿಸಿ, ಕೆಲಸ ಗ್ಯಾರಂಟಿ’ ಎಂದು ದುಡ್ಡು ಹೊಡೆಯಬಹುದು. ಮೋಸ ಹೋದವರು ಬೈಯುವುದು ನಿಮಗೆ. ಗೊತ್ತಾದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡಿ, ನಿಮ್ಮ ಪೇಜಿನಲ್ಲಿ, ಸ್ಟೇಟಸ್‌ನಲ್ಲಿ ಎಚ್ಚರಿಕೆ ಹಾಕಿ. ಹಣ ಕಳೆದುಕೊಂಡವರಿಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೇಳಿ. ಎಷ್ಟು ಬೇಗ ಮಾಡಿದರೆ ಹಣ ತಡೆಯುವ ಸಾಧ್ಯತೆ ಅಷ್ಟು ಜಾಸ್ತಿ.

2018ರ ಆಗಸ್ಟ್‌ನ ಭೂಕುಸಿತ ನಮ್ಮ ಜಿಲ್ಲೆ ಮರೆಯುವಂಥದ್ದಲ್ಲ. ಮಳೆ ಜೋರಾದರೆ ಹಳೆಯ ವಿಡಿಯೊಗಳು ಮತ್ತೆ ಓಡಾಡುತ್ತವೆ, ದೂರದಲ್ಲಿರುವ ಮನೆಯವರು ಹೆದರಿ ಮಕ್ಕಳನ್ನು ವಾಪಸ್ ಕರೆಸಿಕೊಳ್ಳುತ್ತಾರೆ. ಅಂಥ ದಿನ ಕೆಲಸಗಾರರ ಗ್ರೂಪಿನಲ್ಲಿ ತಾರೀಕು ಹೇಳಿ ಒಂದು ಸಣ್ಣ ವಿಡಿಯೊ ಹಾಕಿ: ರಸ್ತೆ ಹೇಗಿದೆ, ಕರೆಂಟ್ ಇದೆಯಾ, ಎಲ್ಲರೂ ಎಲ್ಲಿದ್ದಾರೆ. ಅಪಾಯ ಇದ್ದರೆ ಅದನ್ನೂ ಮುಚ್ಚಿಡದೆ ಹೇಳಿ, ಮೊದಲು ಜನರನ್ನು ಸುರಕ್ಷಿತ ಜಾಗಕ್ಕೆ ಕಳಿಸಿ.

8. ಇಲ್ಲ ಅನ್ನುವುದು, ಕಳಿಸಿಕೊಡುವುದು

ಕೆಲಸ ಕೇಳಿದ ಎಲ್ಲರಿಗೂ ಉತ್ತರ ಕೊಡಿ. ‘ಬೇರೆಯವರು ಸೇರಿದ್ದಾರೆ, ಕೇಳಿದ್ದಕ್ಕೆ ಥ್ಯಾಂಕ್ಸ್, ಮುಂದೆ ಬೇಕಾದರೆ ಫೋನ್ ಮಾಡುತ್ತೇವೆ’ ಎಂದು ಬರೆಯಲು ಎಷ್ಟು ಹೊತ್ತು ಬೇಕು? ಜಾಗ ತುಂಬಿದ ದಿನವೇ ಗ್ರೂಪ್‌ಗಳಲ್ಲಿ ಹೇಳಿಬಿಡಿ.

ಕೆಲಸ ಬಿಟ್ಟು ಹೋಗುವವರ ಲೆಕ್ಕವನ್ನು ಅವರು ಹೊರಡುವ ದಿನವೇ, ಎದುರಿಗೆ ಕೂರಿಸಿಕೊಂಡು ಚುಕ್ತಾ ಮಾಡಿ. ಅಡ್ವಾನ್ಸ್ ಎಷ್ಟು ಹಿಡಿದಿರಿ, ಎಷ್ಟು ಉಳಿಯಿತು, ಕಾಗದದಲ್ಲಿ ಬರೆದು ಕೊಡಿ. ಎಷ್ಟು ದಿನ ಏನು ಕೆಲಸ ಮಾಡಿದರು ಎಂದು ಒಂದು ಅನುಭವ ಪತ್ರ ಬರೆದು ಸಹಿ, ಸೀಲು, ಫೋನ್ ನಂಬರ್ ಹಾಕಿ ಕೊಡಿ. ಅದರ ಫೋಟೊವನ್ನು ಅವರ ವಾಟ್ಸ್‌ಆ್ಯಪ್‌ಗೂ ಕಳಿಸಿ, ಕಾಗದ ಮಳೆಗೆ ನೆನೆದರೂ ಫೋನಿನಲ್ಲಿ ಇರುತ್ತದೆ. ಕೆಲಸದ ಗ್ರೂಪಿನಿಂದ ತೆಗೆಯುವ ಮೊದಲು ಅವರಿಗೊಂದು ಮಾತು ಹೇಳಿ. ಮುಂದಿನ ಕುಯ್ಲಿಗೆ ಯಾವಾಗ ಫೋನ್ ಮಾಡಬೇಕು, ಯಾವ ನಂಬರಿಗೆ ಮಾಡಬೇಕು ಎಂದು ಆಗಲೇ ಕೇಳಿ ಬರೆದಿಟ್ಟುಕೊಳ್ಳಿ.