ಕಫದಲ್ಲಿ ಐಎಲ್-10 ಸಿಗುವುದಿಲ್ಲ ಅಂದಿದ್ದರು, ಬೆಳಗಾವಿಯಲ್ಲೇ ಸಿಕ್ಕಿತು

ಐಎಲ್-10 ಅಂದರೆ ಉರಿಯೂತಕ್ಕೆ ಬ್ರೇಕ್ ಹಾಕುವ ಪ್ರೋಟೀನ್; ಆಸ್ತಮಾದವರ ಕಫದಲ್ಲಿ ಅದನ್ನು ಅಳೆಯಲು ಹೊರಟಿದ್ದೆ. "ಕಫದಾಗ ಐಎಲ್-10 ಹುಡುಕಬ್ಯಾಡ್ರಿ, ಸೀರಂ ಹಿಡದು ಪೇಪರ್ ಮುಗಿಸ್ರಿ" ಎಂದು ನನಗೆ ಹೇಳದವರು ವಿಭಾಗದಲ್ಲಿ ಯಾರೂ ಉಳಿದಿರಲಿಲ್ಲ. ಹಾಗೆ ಹೇಳಿದವರೇ ಕಳೆದ ತಿಂಗಳು, ಐಎಲ್-10 ಇದ್ದರೆ ಬಣ್ಣ ಬರುವ ಎಲೈಸಾ ಪ್ಲೇಟು ಹಳದಿಗೆ ತಿರುಗಿದಾಗ, ಬಣ್ಣ ಅಳೆಯುವ ರೀಡರ್ ಮುಂದೆ ಬಂದು ನಿಂತರು. ಆ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಮೊದಲ ಸುತ್ತಿನಲ್ಲಿ ಅಲರ್ಜಿ ಆಸ್ತಮಾದವರು ಇಪ್ಪತ್ತರ ಮೇಲೆ, ಆರೋಗ್ಯವಂತರು ಹತ್ತು ಜನ. ಅಲರ್ಜಿಯಲ್ಲಿ ಹೆಚ್ಚುವ ಬಿಳಿ ರಕ್ತಕಣ ಇಯೊಸಿನೊಫಿಲ್‌ನ ಎಣಿಕೆ ಚೆನ್ನಾಗಿ ಬಂತು, ಹೆಚ್ಚಿನವರದು ಶೇ. 3ರ ಗಡಿ ದಾಟಿತ್ತು. ಐಎಲ್-10 ಮಾತ್ರ ಬ್ಲ್ಯಾಂಕ್‌ಗೆ, ಅಂದರೆ ಮಾದರಿಯೇ ಹಾಕದ ಗುಳಿಯ ಅಂಕಿಗೆ, ಅಂಟಿಕೊಂಡು ಕೂತಿತ್ತು. ಕಿಟ್ಟಿಗೆ ನಲವತ್ತೆಂಟು ಸಾವಿರ ಹೋಗಿತ್ತು. ಇನ್ನೊಂದು ಕಿಟ್ ತರಿಸಿದೆ, ಅದೇ ಕತೆ. ಲಕ್ಷದ ಹತ್ತಿರ ನೀರಿಗೆ ಬಿತ್ತು. ಶ್ವಾಸಕೋಶ ತೊಳೆದು ತೆಗೆದ ದ್ರವದಲ್ಲಿ ಆಸ್ತಮಾದವರಿಗೆ ಐಎಲ್-10 ಕಡಿಮೆ ಎಂದು 1996ರಲ್ಲೇ ವರದಿಯಾಗಿದೆಯಲ್ಲ, ಅದರ ಜೊತೆ ನಮ್ಮದನ್ನೂ ಸೇರಿಸಿ ಬರೆದುಬಿಡೋಣ ಎಂಬ ಆಸೆ ಬಂದಿದ್ದು ನಿಜ. ತಡೆದದ್ದು ನಮ್ಮ ಅಟೆಂಡರ್ ಅಣ್ಣನ ಕಫ. ಅವನಿಗೆ ಒಂದು ಸೀನೂ ಬರುವುದಿಲ್ಲ, ಅವನದೂ ಸೊನ್ನೆ. ಆರೋಗ್ಯವಂತನಲ್ಲೂ ಇಲ್ಲ ಅಂದಮೇಲೆ ತಪ್ಪು ರೋಗದ್ದಲ್ಲ, ನಮ್ಮ ಕೈಯದು.

ಅವನ ಕಫವನ್ನೇ ಎರಡು ಪಾಲು ಮಾಡಿ ಎರಡಕ್ಕೂ 100 ಪಿಕೊಗ್ರಾಂ ಸ್ಟ್ಯಾಂಡರ್ಡ್ (ಅಳತೆ ಗೊತ್ತಿರುವ ಐಎಲ್-10) ಹಾಕಿದೆ. ಒಂದು ಪಾಲು ಎಂದಿನಂತೆ ಡಿಟಿಟಿ ಎಂಬ ರಾಸಾಯನಿಕಕ್ಕೆ, ಇನ್ನೊಂದು ಬರೀ ತಣ್ಣನೆಯ ಪಿಬಿಎಸ್ ಎಂಬ ಉಪ್ಪಿನ ದ್ರಾವಣಕ್ಕೆ. ಡಿಟಿಟಿ ಪಾಲಿನಲ್ಲಿ ಮರಳಿ ಸಿಕ್ಕಿದ್ದು ಮೂವತ್ತರ ಆಸುಪಾಸು, ಪಿಬಿಎಸ್‌ನಲ್ಲಿ ಎಂಬತ್ತೈದರ ಮೇಲೆ. ಲೋಳೆ ಕರಗಿಸಲೆಂದು ಡೈಸಲ್ಫೈಡ್ (ಗಂಧಕ-ಗಂಧಕ) ಬಂಧ ಒಡೆಯುವ ಡಿಟಿಟಿ ಐಎಲ್-10ರ ಒಳಗಿನ ಬಂಧವನ್ನು ಬಿಟ್ಟೀತೇ? ಮೇಲಾಗಿ ಡಿಟಿಟಿ ನಾಲ್ಕು ಪಟ್ಟು, ಪಿಬಿಎಸ್ ನಾಲ್ಕು ಪಟ್ಟು ಸುರಿದು ಮಾದರಿಯನ್ನು ತೆಳ್ಳಗೆ ಮಾಡುತ್ತಿದ್ದೆವು. ಮೊದಲೇ ಹತ್ತಾರು ಪಿಕೊಗ್ರಾಂ ಇರುವ ವಸ್ತು, ಎಲ್ಲಿ ಕಂಡೀತು?

ಈಗ ಮಾಡುವುದು ಹೀಗೆ. ಎಂಜಲು ಬಿಟ್ಟು ಲೋಳೆಯ ಗಂಟುಗಳನ್ನಷ್ಟೇ ಫೋರ್ಸೆಪ್ಸ್‌ನಿಂದ ಆರಿಸುತ್ತೇವೆ. ತೂಕದ ಎರಡು ಪಟ್ಟು ಪಿಬಿಎಸ್, ಅದರಲ್ಲಿ ಪ್ರೋಟೀನ್ ಕತ್ತರಿಸುವ ಪ್ರೊಟಿಯೇಸ್‌ಗಳಿಗೆ ತಡೆ. ಐಸ್ ಮೇಲೆ ಅಲುಗಿಸಿ, ಸೆಂಟ್ರಿಫ್ಯೂಜ್‌ಗೆ ಹಾಕಿ ಮೇಲಿನ ತಿಳಿಯನ್ನು ಮೊದಲು ಎತ್ತಿಡುತ್ತೇವೆ. ಡಿಟಿಟಿ ಏನಿದ್ದರೂ ಆಮೇಲೆ ತಳಕ್ಕಿಳಿದ ಕೋಶಗಳ ಪೆಲ್ಲೆಟ್‌ಗೆ, ಅವನ್ನು ಗಾಜಿನ ಮೇಲೆ ಹರಡಿ ಎಣಿಸುವ ಸೈಟೋಸ್ಪಿನ್‌ಗಾಗಿ. ಎಷ್ಟು ಹೊತ್ತು, ಯಾವ ವೇಗದಲ್ಲಿ ಅಲುಗಿಸಬೇಕು ಎಂಬುದಕ್ಕೆ ನನಗೆ ಎಂಟು ತಿಂಗಳು ಹಿಡಿದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸೋಸಲು ವಿದೇಶಿ ಮೆಶ್ ಬೇಕಿಲ್ಲ. ಸ್ಕ್ರೀನ್ ಪ್ರಿಂಟಿಂಗ್ ಮಾಡುವವರ ಬಟ್ಟೆಯಲ್ಲಿ ಐವತ್ತು ಮೈಕ್ರಾನ್ ಸುಮಾರಿನದು ಸಿಗುತ್ತದೆ. ಖಡೇಬಜಾರಿನಲ್ಲಿ ಮೀಟರಿಗೆ ನಾನೂರು ಕೊಟ್ಟ ನೆನಪು, ಎರಡು ವರ್ಷದಿಂದ ಅದೇ ನಡೆಯುತ್ತಿದೆ.

ಮಾದರಿ ತೆಗೆಯುವುದರಲ್ಲಿ ಅವಸರ ಬೇಡ. ಖಾನಾಪುರ ಕಡೆಯ ಅಜ್ಜಿಯೊಬ್ಬರು ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ ಎಳೆದು, ಶೇ. 3ರ ಉಪ್ಪುನೀರಿನ ಹಬೆಗೆ ಕೂತು, ಪ್ರತಿ ಸಲವೂ ಎಂಜಲನ್ನೇ ಉಗುಳುತ್ತಿದ್ದರು. "ಬಾಯೆಲ್ಲಾ ಉಪ್ಪುಪ್ಪ ಆತ್ರೀ ಸರ, ಕಫ ಬರವಲ್ದು." ಯಂತ್ರ ನಿಲ್ಲಿಸಿ, ಪೀಕ್ ಫ್ಲೋ (ಉಸಿರು ಊದುವ ವೇಗ) ನೋಡಿ, ಬಾಯಿ ಮುಕ್ಕಳಿಸಿ ಮೂಗು ಸೀಟಲು ಹೇಳಿದೆ. "ಯವ್ವಾ, ಗಂಟಲಿಂದ ಬ್ಯಾಡ, ಎದಿಯಾಗಿಂದ ಕೆಮ್ಮು" ಅಂದೆ. ಬಟ್ಟಲಿನ ತಳಕ್ಕೆ ಬೆಳ್ಳಗೆ, ಸಾಬೂದಾನಿ ಕಾಳಿನಂಥ ನಾಲ್ಕು ಗಂಟು ಬಿದ್ದವು. ಇಡೀ ವರ್ಷದಲ್ಲಿ ಅಷ್ಟು ಚಂದದ ಮಾದರಿ ಬಂದಿಲ್ಲ.

ನಡುವೆ ರಕ್ತದ ಕೋಶಗಳನ್ನು ಧೂಳುಹುಳದ ಸಾರದೊಂದಿಗೆ ಬೆಳೆಸಿಯೂ ನೋಡಿದೆ. ಐಎಲ್-10 ಧಾರಾಳವಾಗಿ ಬಂತು, ಅಲರ್ಜಿಯನ್ನು ಹತೋಟಿಯಲ್ಲಿಡುವ ಟಿ-ರೆಗ್ ಕೋಶಗಳದ್ದೇ ಎಂದು ಎರಡು ವಾರ ಹಿಗ್ಗಿದೆ. ಎಂಡೊಟಾಕ್ಸಿನ್ ಎಂಬ ಬ್ಯಾಕ್ಟೀರಿಯಾ ವಿಷವನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಹಾಕಿದಾಗ ಮುಕ್ಕಾಲು ಪಾಲು ಮಾಯ. ಸಾರದಲ್ಲಿದ್ದ ಎಂಡೊಟಾಕ್ಸಿನ್ ನೋಡಿ ಮೊನೊಸೈಟ್ ಎಂಬ ಬಿಳಿ ರಕ್ತಕಣಗಳು ಕೊಟ್ಟದ್ದದು. 1998ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನ ಸಂಶೋಧಕರು ಜೇನುವಿಷದ ಇಮ್ಯುನೊಥೆರಪಿಯಲ್ಲಿ (ಅಲರ್ಜಿ ತರುವುದನ್ನೇ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆ) ಐಎಲ್-10 ತೋರಿಸಿದಂತೆ ಇಲ್ಲಿ ಕಾಂಗ್ರೆಸ್ ಕಸದ ಪರಾಗಕ್ಕೆ ಮಾಡಬೇಕೆಂಬ ಹಟ ಇನ್ನೂ ಇದೆ. ಆದರೆ ಎಂಡೊಟಾಕ್ಸಿನ್ ನೋಡದೆ ಹಾಕುವುದಿಲ್ಲ.

ಹೊಸ ಕ್ರಮದಲ್ಲಿ ಆರೋಗ್ಯವಂತರ ಕಫದಲ್ಲಿ ನಲವತ್ತರ ಸುತ್ತಮುತ್ತ ಪಿಕೊಗ್ರಾಂ, ಆಸ್ತಮಾದವರಲ್ಲಿ ಅದರ ಅರ್ಧಕ್ಕೂ ಕಡಿಮೆ. ಸೊನ್ನೆ ಬಂದವರು ಇಬ್ಬರೋ ಮೂವರೋ ಅಷ್ಟೇ. ಬ್ರೇಕ್ ಇದೆ, ಹಿಡಿತ ಕಡಿಮೆ. ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಇನ್ಹೇಲರ್ ತಪ್ಪದೆ ಎಳೆದ ಐದಾರು ಜನರದು ತಿಂಗಳಲ್ಲಿ ಏರಿತು, ಅಷ್ಟು ಮಂದಿಯ ಮೇಲೆ ಏನೂ ಕಟ್ಟಲಾರೆ. ಹಳೆಯ ಮಾದರಿ ಇಟ್ಟುಕೊಂಡವರು ಅದರ ಮೇಲೆ ದುಡ್ಡು ಹಾಕಬೇಡಿ. ನಮ್ಮವು ಡಿಟಿಟಿ ಕುಡಿದದ್ದಲ್ಲದೆ ಕರೆಂಟ್ ಹೋದಾಗ ಎರಡು ಸಲ ಕರಗಿ ಹೆಪ್ಪುಗಟ್ಟಿದ್ದವು, ಅರವತ್ತು ವಯಲ್ ಎಸೆದೆ.

ಈಗ ಟಿಜಿಎಫ್-ಬೀಟಾ ಎಂಬ ಇನ್ನೊಂದು ಬ್ರೇಕ್ ಪ್ರೋಟೀನ್ ಹಿಡಿದಿದ್ದೇನೆ. ಅದು ಸುಪ್ತ ರೂಪದಲ್ಲಿರುತ್ತದೆ, ಆ್ಯಸಿಡ್ ಹಾಕಿ ಎಬ್ಬಿಸಿ, ಮತ್ತೆ ತಟಸ್ಥ ಮಾಡಿ ಪ್ಲೇಟಿಗೆ ಹಾಕಬೇಕು. ಮೊದಲ ಪ್ಲೇಟ್ ಸೋಮವಾರಕ್ಕೆ.